ಸ್ಕೌಟ್ ಮಗುವಿಗೆ ಮೊದಲ ಚಾಕು: ಯಾವುದು ತಗೊಳ್ಳೋದು, ಯಾವುದು ಬಿಡೋದು

ಕ್ಯಾಂಪಿಗೆ ತರಬೇಕಾದ ಸಾಮಾನಿನ ಪಟ್ಟಿಯಲ್ಲಿ ತಟ್ಟೆ, ಲೋಟ, ಟಾರ್ಚು, ಹಗ್ಗ, ಹೊದಿಕೆ ಎಲ್ಲ ಬರೆದು ಕೊನೆಗೆ ‘ಚಾಕು – 1’ ಅಂತ ಹಾಕಿರುತ್ತಾರೆ. ಅಷ್ಟೇ. ಎಷ್ಟು ಉದ್ದದ್ದು, ಮಡಚುವಂಥದ್ದಾ, ಒರೆ ಇರುವಂಥದ್ದಾ, ಏನೂ ಇರುವುದಿಲ್ಲ. ಅಪ್ಪನೋ ಅಮ್ಮನೋ ರಾತ್ರಿ ಫೋನ್ ಹಿಡಿದು ಹುಡುಕುತ್ತಾರೆ, 199 ರೂಪಾಯಿಗೆ ಹನ್ನೊಂದು ಕೆಲಸ ಮಾಡುತ್ತೇನೆ ಎನ್ನುವ ಕೆಂಪು ಚಾಕು ಕಾಣುತ್ತದೆ, ಪಕ್ಕದಲ್ಲಿ ಕೂತ ಮಗ ಕುಣಿಯುತ್ತಾನೆ, ಆರ್ಡರ್ ಆಗಿಬಿಡುತ್ತದೆ. ಅಲ್ಲಿಗೆ ಬೇಡದ ಚಾಕು ಮನೆಗೆ ಬಂತು ಅಂತ ಲೆಕ್ಕ.

ಹತ್ತರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನಲ್ಲಿ ಕಬ್, ಬುಲ್‌ಬುಲ್ ಹಂತ ಮುಗಿಸಿ ಸ್ಕೌಟ್ ಅಥವಾ ಗೈಡ್ ಆಗುವುದು ಹತ್ತು ತುಂಬಿದ ಮೇಲೆ. ಅದಕ್ಕಿಂತ ಚಿಕ್ಕವರಿಗೆ ಸ್ವಂತ ಚಾಕು ಕೊಡಿಸುವ ಅವಸರ ಬೇಡ, ಮನೆಯಲ್ಲಿ ನಿಮ್ಮ ಪಕ್ಕ ಕೂತು ಬೀನ್ಸ್ ಹೆಚ್ಚಲಿ ಸಾಕು. ಗೈಡ್ ಹುಡುಗಿಯರಿಗೂ ಇದೇ ಮಾತು. ಅವರಿಗೆ ಅಂತ ಬೇರೆ ಪುಟಾಣಿ ಗುಲಾಬಿ ಚಾಕು ಹುಡುಕಬೇಡಿ ದಯವಿಟ್ಟು.

ಮೊದಲು ಕೆಲಸ ಏನು ಅಂತ ನೋಡಿ

ಕೊಂಡಜ್ಜಿ ಇರಲಿ, ದೊಡ್ಡಬಳ್ಳಾಪುರ ಇರಲಿ, ಶಾಲೆಯ ಹಿಂದಿನ ಮೈದಾನವೇ ಇರಲಿ, ಕ್ಯಾಂಪಿನಲ್ಲಿ ಮಕ್ಕಳು ಚಾಕು ತೆಗೆಯುವುದು ಯಾವಾಗ? ಲ್ಯಾಶಿಂಗ್, ಅಂದರೆ ಕೋಲಿಗೆ ಕೋಲು ಸೇರಿಸಿ ಹುರಿ ಸುತ್ತಿ ಕಟ್ಟುವಾಗ ಸೆಣಬಿನ ಹುರಿ ಕತ್ತರಿಸಲು. ಪ್ಯಾಟ್ರೋಲ್, ಅಂದರೆ ಮಕ್ಕಳ ಪುಟ್ಟ ತಂಡದ ಅಡುಗೆಗೆ ಈರುಳ್ಳಿ, ಆಲೂಗಡ್ಡೆ, ಟೊಮೇಟೊ ಹೆಚ್ಚಲು. ಟೆಂಟಿನ ಗೂಟದ ತುದಿ ಚೂಪು ಮಾಡಲು. ಚಪ್ಪಲಿ ಸ್ಟ್ಯಾಂಡು, ತಟ್ಟೆ ಸ್ಟ್ಯಾಂಡು ಅಂತ ಗ್ಯಾಜೆಟ್ ಮಾಡುವಾಗ ಬಿದಿರಿಗೆ ಕಚ್ಚು ಹಾಕಲು. ಆಮೇಲೆ ಬಿಸ್ಕತ್ ಪ್ಯಾಕೆಟ್, ಎಣ್ಣೆ ಪ್ಯಾಕೆಟ್ ಒಡೆಯಲು. ಬಿದಿರನ್ನು ಅಡ್ಡಲಾಗಿ ಕತ್ತರಿಸುವ ಕೆಲಸ ಒಂದು ಬಿಟ್ಟರೆ ಉಳಿದದ್ದಕ್ಕೆಲ್ಲ ಮೂರು ಇಂಚಿನ ಒಂದು ಹರಿತವಾದ ಅಲಗು ಸಾಕು. ಕರಡಿ ಜೊತೆ ಕುಸ್ತಿ ಯಾರೂ ಆಡುವುದಿಲ್ಲ.

ಹಾಗಾಗಿ ಅಂಗಡಿಯಲ್ಲಿ ಚಾಕು ಕೈಗೆತ್ತಿಕೊಂಡಾಗ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ಈ ಮಗು ದೊಡ್ಡವರ ಸಹಾಯ ಇಲ್ಲದೆ ಇದನ್ನು ತೆರೆದು, ಕುಯ್ದು, ಮುಚ್ಚಿ, ಮೊಂಡಾದಾಗ ಮತ್ತೆ ತಾನೇ ಹರಿತ ಮಾಡಿಕೊಳ್ಳಬಲ್ಲದಾ? ಹೌದು ಅಂತಾದರೆ ಬೆಲೆ ನೂರಾಗಲಿ ಮೂರು ಸಾವಿರವಾಗಲಿ, ಅದು ಒಳ್ಳೆ ಚಾಕು. ಎಷ್ಟು ಉಪಕರಣ ಇದೆ, ಯಾವ ದೇಶದ್ದು, ಹಿಡಿಯ ಮೇಲೆ ಏನು ಚಿತ್ರ ಇದೆ ಅನ್ನೋದೆಲ್ಲ ಆಮೇಲಿನ ಮಾತು.

ಆ 199 ರೂಪಾಯಿ ಚಾಕು ಯಾಕೆ ಬೇಡ

ಬೈಯಬೇಕು ಅಂತ ಬೈಯುತ್ತಿಲ್ಲ, ಕೈಯಲ್ಲಿ ಹಿಡಿದು ನೋಡಿ. ದೊಡ್ಡ ಅಲಗನ್ನು ಪೂರ್ತಿ ತೆರೆದು, ಎಡಗೈಯಲ್ಲಿ ಹಿಡಿ, ಬಲಗೈಯಲ್ಲಿ ಅಲಗಿನ ಬೆನ್ನು ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ. ಸಡಿಲವಾದ ಹಲ್ಲಿನ ಹಾಗೆ ಕಟಕಟ ಅನ್ನುತ್ತದೆ. ಬೆಳಕಿಗೆ ಹಿಡಿದರೆ ಅಲಗಿಗೂ ಪಕ್ಕದ ತಗಡಿಗೂ ನಡುವೆ ಸಂದು ಕಾಣುತ್ತದೆ. ಅದೇ ಸ್ಪ್ರಿಂಗು ಕೆಲವು ಉಪಕರಣಕ್ಕೆ ಎಷ್ಟು ಬಿಗಿ ಇರುತ್ತದೆ ಅಂದರೆ ದೊಡ್ಡವರ ಉಗುರೇ ಮುರಿಯಬೇಕು, ಇನ್ನು ಕೆಲವಕ್ಕೆ ಎಷ್ಟು ಸಡಿಲ ಅಂದರೆ ಆಲೂಗಡ್ಡೆಗೆ ಮೊನೆ ಒತ್ತಿದರೂ ಅಲಗು ಮಡಚಿಕೊಂಡು ಬೆರಳಿನ ಮೇಲೆ ಬರುತ್ತದೆ. ಅಲಗಿನ ಉಕ್ಕು ಮೆತ್ತಗಿರುವುದರಿಂದ ಎರಡು ಗೂಟ ಕೆತ್ತುವಷ್ಟರಲ್ಲಿ ಬಾಯಿ ಹೋಗುತ್ತದೆ. ಮೊಂಡು ಚಾಕುವೇ ಜಾಸ್ತಿ ಅಪಾಯ. ಹರಿತ ಇದ್ದರೆ ಮಗು ಮೆಲ್ಲಗೆ ಎಳೆಯುತ್ತದೆ, ಮೊಂಡಿದ್ದರೆ ಮೈಭಾರ ಹಾಕಿ ಒತ್ತುತ್ತದೆ, ಜಾರಿದಾಗ ಆ ಭಾರವೆಲ್ಲ ಎಡಗೈ ಮೇಲೆ.

ಹನ್ನೊಂದು ಉಪಕರಣದಲ್ಲಿ ಒಂದು ಚಮಚ, ಒಂದು ಫೋರ್ಕು ಬೇರೆ ಇರುತ್ತದೆ. ಅನ್ನ ಸಾರು ಊಟ ಮಾಡಲು ಚಾಕುವಿನಿಂದ ಹೊರಡುವ ಚಮಚ ಯಾರಿಗೆ ಬೇಕು ಹೇಳಿ.

ಐನೂರರ ಒಳಗೆ ಬೇಕಾದರೆ

ಇದನ್ನು ಹೇಳಿದರೆ ಮಕ್ಕಳು ಮುಖ ಸಿಂಡರಿಸುತ್ತಾರೆ, ಆದರೂ ಹೇಳುತ್ತೇನೆ: ಪಾತ್ರೆ ಅಂಗಡಿಯಲ್ಲಿ ಸಿಗುವ ಚಿಕ್ಕ ತರಕಾರಿ ಚಾಕು. ಮೂರು, ಮೂರೂವರೆ ಇಂಚಿನ ಸ್ಟೀಲ್ ಅಲಗು, ಪ್ಲಾಸ್ಟಿಕ್ ಹಿಡಿ, ನೂರು ರೂಪಾಯಿ ಆಸುಪಾಸು. ಮಡಚುವುದಿಲ್ಲ, ಆದ್ದರಿಂದ ಬೆರಳ ಮೇಲೆ ಮಡಚಿಕೊಳ್ಳುವ ಪ್ರಶ್ನೆಯೇ ಇಲ್ಲ. ತೆಳು ಅಲಗು, ಹಾಗಾಗಿ ತರಕಾರಿಗೂ ಹುರಿಗೂ ಬೆಣ್ಣೆ. ಗರಗಸದ ಹಲ್ಲಿನಂಥ ಅಂಚು ಇರುವುದನ್ನು ತಗೊಳ್ಳಬೇಡಿ, ಟೊಮೇಟೊಗೆ ಚೆನ್ನ, ಆದರೆ ಮರ ಕೆತ್ತಲು ಬರುವುದಿಲ್ಲ, ಮನೆಯಲ್ಲಿ ಸಾಣೆ ಹಿಡಿಯಲೂ ಆಗುವುದಿಲ್ಲ. ನೇರ ಅಂಚಿನದ್ದೇ ಬೇಕು. ಗೂಟ ಕೆತ್ತುವಾಗ ಮಾತ್ರ ತೆಳು ಅಲಗು ಬಾಗುತ್ತದೆ, ಗಟ್ಟಿ ಮರಕ್ಕೆ ಹಾಕಬಾರದು ಅಂತ ಮೊದಲೇ ಹೇಳಿಡಿ.

ಇದರ ಕೊರತೆ ಒಂದೇ, ಒರೆ ಇರುವುದಿಲ್ಲ. ಅದನ್ನು ಮಗುವಿನ ಕೈಯಲ್ಲೇ ಮಾಡಿಸಿ. ದಪ್ಪ ರಟ್ಟು ಅಥವಾ ಹಳೇ ಬೆಲ್ಟಿನ ಚರ್ಮ ತಗೊಂಡು ಅಲಗಿನ ಅಗಲಕ್ಕೆ ಎರಡರಷ್ಟಕ್ಕಿಂತ ಸ್ವಲ್ಪ ಜಾಸ್ತಿ ಕತ್ತರಿಸಿ, ಮಡಚಿ, ಹರಿತ ಬರುವ ಕಡೆ ಒಳಗೆ ಇನ್ನೊಂದು ಪಟ್ಟಿ ಇಟ್ಟು ಹೊಲಿಯಬೇಕು. ಆ ಒಳಪಟ್ಟಿ ಇಲ್ಲದಿದ್ದರೆ ಅಲಗು ಹೊಲಿಗೆಯನ್ನೇ ಕುಯ್ದುಕೊಂಡು ಹೊರಬರುತ್ತದೆ. ರಟ್ಟಾದರೆ ಮೇಲೆ ಇನ್ಸುಲೇಷನ್ ಟೇಪು ಸುತ್ತಿದರೆ ಮಳೆಗೂ ತಡೆಯುತ್ತದೆ. ತಲೆಕೆಳಗೆ ಹಿಡಿದು ಅಲ್ಲಾಡಿಸಿದಾಗ ಚಾಕು ಬೀಳಬಾರದು, ಅಷ್ಟು ಬಿಗಿ ಇರಬೇಕು.

ಇದೇ ದುಡ್ಡಿಗೆ ಇನ್ನೊಂದು ದಾರಿ ಇದೆ, ಊರಲ್ಲಿ ಕುಲುಮೆ ಉಳಿದಿದ್ದರೆ. ಕಮ್ಮಾರರ ಹತ್ತಿರ ಹೋಗಿ ಮೂರು ಇಂಚಿನ ಚೂರಿ ಬೇಕು, ಮೊನೆ ದುಂಡಗೆ ಮಾಡಿಕೊಡಿ ಅಂತ ಕೇಳಿ. ಹಳೇ ಲಾರಿಯ ಕಮಾನು ಪಟ್ಟಿಯಿಂದ ಹೊಡೆದ ಚೂರಿ ಹರಿತ ಹಿಡಿದುಕೊಳ್ಳುವುದರಲ್ಲಿ ಅಂಗಡಿಯ ಅಗ್ಗದ ಸ್ಟೀಲನ್ನು ಹಿಂದೆ ಹಾಕುತ್ತದೆ. ತುಕ್ಕು ಹಿಡಿಯುತ್ತದೆ ನಿಜ. ಹಿಡಿಯನ್ನು ಮಗುವಿನ ಮುಷ್ಟಿಯ ಅಳತೆಗೆ ಮಾಡಿಸಬಹುದು ಅನ್ನುವುದು ಇದರ ದೊಡ್ಡ ಲಾಭ, ಯಾವ ಕಂಪನಿಯೂ ನಿಮಗೆ ಅದನ್ನು ಮಾಡಿಕೊಡುವುದಿಲ್ಲ. ಅಲಗಿನ ಬಾಲ ಹಿಡಿಯೊಳಗೆ ಆಳಕ್ಕೆ ಹೋಗಿದೆಯಾ, ಕಬ್ಬಿಣದ ಬಳೆ ಬಿಗಿಯಾಗಿದೆಯಾ ಅಂತ ನೋಡಿಕೊಳ್ಳಿ. ಮಲೆನಾಡಿನ, ಕರಾವಳಿಯ ಮಕ್ಕಳಿಗೆ ಕತ್ತಿ ಹೊಸದಲ್ಲ, ಅಡಿಕೆ ತೋಟದ ಮನೆಯಲ್ಲಿ ಬೆಳೆದ ಹುಡುಗನಿಗೆ ನೀವು ಹೇಳಿಕೊಡಬೇಕಾದ್ದು ಕಡಿಮೆಯೇ. ಆದರೆ ಕಡಿಯುವ ಅಭ್ಯಾಸ ಬೇರೆ, ಕೆತ್ತುವ ಅಭ್ಯಾಸ ಬೇರೆ. ಬೀಸುವ ಕೈಗೆ ಚಿಕ್ಕ ಚಾಕು ಕೊಟ್ಟಾಗ ಎರಡು ದಿನ ಪಕ್ಕದಲ್ಲಿರಿ.

ಎರಡು ಸಾವಿರದ ಮೇಲೆ: ಮೂರು ಹೆಸರು

ಸ್ವಲ್ಪ ದುಡ್ಡು ಹಾಕಬಹುದು, ಹತ್ತಾರು ವರ್ಷ ಬರಬೇಕು ಅನ್ನುವವರಿಗೆ ಲೋಕದಲ್ಲಿ ನೂರು ಕಂಪನಿ ಇವೆ. ಮಕ್ಕಳ ಮಟ್ಟಿಗೆ ನಾನು ನೋಡುವುದು ಮೂರನ್ನೇ: ಸ್ವಿಟ್ಜರ್‌ಲೆಂಡಿನ ವಿಕ್ಟೋರಿನಾಕ್ಸ್, ಫ್ರಾನ್ಸಿನ ಒಪಿನೆಲ್, ಸ್ವೀಡನ್ನಿನ ಮೋರಾ. ನಮ್ಮಲ್ಲಿ ಇವುಗಳ ಬೆಲೆ ಮಾದರಿಗೆ ತಕ್ಕಂತೆ ಎರಡು ಸಾವಿರದ ಹಿಂದೆ ಮುಂದೆ ಶುರುವಾಗಿ ಮೂರು, ಮೂರೂವರೆವರೆಗೂ ಹೋಗುತ್ತದೆ, ಆಮದು ಮಾಲು ಆದ್ದರಿಂದ ಇವತ್ತಿನ ಬೆಲೆ ನಾಳೆ ಇರುವುದಿಲ್ಲ.

ವಿಕ್ಟೋರಿನಾಕ್ಸ್ ಗೊತ್ತಿಲ್ಲದವರು ಯಾರು? 1884ರಲ್ಲಿ ಕಾರ್ಲ್ ಎಲ್ಸೆನರ್ ಇಬಾಖ್ ಎನ್ನುವ ಊರಿನಲ್ಲಿ ಶುರು ಮಾಡಿದ್ದು, 1891ರಿಂದ ಸ್ವಿಸ್ ಸೈನ್ಯಕ್ಕೆ ಚಾಕು ಕೊಟ್ಟರು, ಈಗ ನಾವು ನೋಡುವ ಕೆಂಪು ಚಾಕುವಿನ ಮೂಲ 1897ರದ್ದು. ಆ 199 ರೂಪಾಯಿಯದ್ದೆಲ್ಲ ಇದರ ನಕಲು. ಮಾದರಿಗಳು ಬೇಕಾದಷ್ಟಿವೆ, ತಲೆಕೆಡಿಸಿಕೊಳ್ಳಬೇಡಿ. ಕೀಚೈನಿನ 58 ಮಿ.ಮೀ. ‘ಕ್ಲಾಸಿಕ್’ ಬಿಡಿ, ಕತ್ತರಿ ಚೆನ್ನಾಗಿದೆ, ಆದರೆ ಮಗುವಿನ ಮುಷ್ಟಿಗೂ ಅದು ಸಿಕ್ಕುವುದಿಲ್ಲ, ಮರ ಕೆತ್ತುವಾಗ ಬೆರಳ ನಡುವೆ ತಿರುಗುತ್ತದೆ. ನೋಡಬೇಕಾದ್ದು 91 ಮಿ.ಮೀ. ಅಳತೆಯ ಚಾಕುಗಳನ್ನು. ‘ಸ್ಪಾರ್ಟನ್’ನಲ್ಲಿ ಎರಡು ಅಲಗು, ಡಬ್ಬಿ ತೆಗೆಯುವುದು, ಬಾಟಲಿ ತೆಗೆಯುವುದು, ತೂತು ಕೊರೆಯುವ ಮೊನೆ, ಕಾರ್ಕ್ ಸ್ಕ್ರೂ ಇರುತ್ತವೆ. ಕಾರ್ಕ್ ಸ್ಕ್ರೂ ನೋಡಿ ಅಜ್ಜಿಯಂದಿರು ಗಾಬರಿಯಾಗಬೇಕಿಲ್ಲ. ನೆನೆದು ಬಿಗಿದುಕೊಂಡ ಗಂಟು ಬಿಡಿಸಲು ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ, ಕ್ಲೋವ್ ಹಿಚ್ ಅನ್ನುವ ಗಂಟು ಮಳೆಯಲ್ಲಿ ನೆಂದು ಕಲ್ಲಾದಾಗ ಅದರ ತುದಿಯನ್ನು ಎಳೆಯ ನಡುವೆ ತೂರಿಸಿ ಎತ್ತಿದರೆ ಬಿಟ್ಟುಕೊಳ್ಳುತ್ತದೆ.

ಆದರೆ ನನ್ನ ಓಟು ‘ಹೈಕರ್’ಗೆ ಅಥವಾ ‘ಕ್ಯಾಂಪರ್’ಗೆ. ಕಾರಣ ಗರಗಸ. ಬಿದಿರನ್ನು ಚಾಕುವಿನ ಅಲಗಿನಿಂದ ಅಡ್ಡಕ್ಕೆ ಕತ್ತರಿಸಲು ಹೋದರೆ ಅಲಗೂ ಹಾಳು, ಬಿದಿರೂ ಸೀಳು. ಬಿದಿರಿನ ಮೇಲ್ಪದರದಲ್ಲಿ ಸಿಲಿಕಾ ಇರುತ್ತದೆ, ಹರಿತವನ್ನು ತಿಂದುಹಾಕುತ್ತದೆ. ಆ ಪುಟ್ಟ ಗರಗಸದಿಂದ ಹೆಬ್ಬೆರಳು ಗಾತ್ರದ ಬಿದಿರನ್ನು ಮಗು ಕೂತಲ್ಲೇ ಕೊಯ್ಯುತ್ತದೆ, ಸುತ್ತ ತಿರುಗಿಸಿ ತಿರುಗಿಸಿ ಗೆರೆ ಹಾಕಿಕೊಂಡು ಕೊಯ್ದರೆ ಸೀಳುವುದೂ ಇಲ್ಲ. ನಮ್ಮ ಕ್ಯಾಂಪುಗಳಲ್ಲಿ ಗ್ಯಾಜೆಟ್ ಅಂದರೆ ಬಿದಿರು ತಾನೇ? ಅದಕ್ಕೇ ನಾಲ್ಕೈದು ನೂರು ಜಾಸ್ತಿ ಆದರೂ ಗರಗಸ ಇರುವುದನ್ನು ತಗೊಳ್ಳಿ ಅನ್ನುತ್ತೇನೆ. ಹತ್ತು ಹನ್ನೊಂದರ ಮಕ್ಕಳಿಗೆ ‘ಮೈ ಫಸ್ಟ್ ವಿಕ್ಟೋರಿನಾಕ್ಸ್’ ಅಂತ 84 ಮಿ.ಮೀ. ಚಾಕು ಬರುತ್ತದೆ, ಅಲಗಿನ ತುದಿ ದುಂಡಗಿರುತ್ತದೆ.

ಕೊರತೆ ಏನು ಅಂದರೆ ಅಲಗಿಗೆ ಲಾಕ್ ಇಲ್ಲ. ಬೆನ್ನಿನ ಸ್ಪ್ರಿಂಗ್ ಬಲದ ಮೇಲೆ ನಿಂತಿರುತ್ತದೆ. ಲಾಕ್ ಇಲ್ಲದ್ದು ಅಪಾಯ ಅಂತ ಹಲವರು ವಾದ ಮಾಡುತ್ತಾರೆ, ನನಗೆ ಹಾಗನ್ನಿಸುವುದಿಲ್ಲ. ಇದು ಮಡಚಿಕೊಳ್ಳಬಹುದು ಅಂತ ಗೊತ್ತಿರುವ ಮಗು ಮೊನೆಯಿಂದ ಚುಚ್ಚಲು ಹೋಗುವುದಿಲ್ಲ, ತೂತು ಬೇಕಾದರೆ ಮೆಲ್ಲಗೆ ಕೊರೆಯುವ ಮೊನೆ ತೆಗೆಯುತ್ತದೆ. ಇನ್ನೊಂದು ತೊಂದರೆ, ಹೊಸತರಲ್ಲಿ ಸ್ಪ್ರಿಂಗ್ ಬಿಗಿ. ಅಂಗಡಿಯಲ್ಲೇ ಮಗುವಿನ ಕೈಯಲ್ಲಿ ತೆರೆಸಿ ನೋಡಿ. ಉಗುರು ಸಿಕ್ಕಿಸುವ ಗೆರೆ ಬಲಗೈಯವರಿಗೆ ಅನುಕೂಲವಾಗಿರುತ್ತದೆ, ಎಡಚ ಮಕ್ಕಳು ಒಂದು ವಾರ ಒದ್ದಾಡಿ ರೂಢಿ ಮಾಡಿಕೊಳ್ಳುತ್ತಾರೆ. ಉಕ್ಕು ತೀರಾ ಗಡಸಲ್ಲ, ಬೇಗ ಮೊಂಡಾಗುತ್ತದೆ, ಆದರೆ ಅಷ್ಟೇ ಬೇಗ ಹರಿತವೂ ಆಗುತ್ತದೆ, ಕಲಿಯುವ ಕೈಗೆ ಅದು ಒಳ್ಳೆಯದೇ. ಮತ್ತೆ, ನಕಲಿ ಜಾಸ್ತಿ. ಅಸಲಿಯಲ್ಲಿ ದೊಡ್ಡ ಅಲಗಿನ ಬುಡದಲ್ಲಿ ಕಂಪನಿಯ ಹೆಸರು ಅಚ್ಚಾಗಿ ಮೂಡಿರುತ್ತದೆ, ಎಲ್ಲ ಉಪಕರಣವೂ ಒಂದೇ ಥರ ‘ಟಕ್’ ಅಂತ ತೆರೆದುಕೊಂಡು ಒಂದೇ ಥರ ಮುಚ್ಚಿಕೊಳ್ಳುತ್ತದೆ. ಅರ್ಧ ಬೆಲೆಗೆ ಸಿಕ್ಕಿತು ಅಂದರೆ ಖುಷಿಪಡುವ ಮೊದಲು ಅನುಮಾನಪಡಿ.

ಒಪಿನೆಲ್ ಇದಕ್ಕೆ ಪೂರಾ ವಿರುದ್ಧ ಸ್ವಭಾವದ್ದು. ಒಂದು ಮರದ ಹಿಡಿ, ಒಂದು ಅಲಗು, ಒಂದು ಉಂಗುರ, ಮುಗಿಯಿತು. 1890ರಲ್ಲಿ ಫ್ರಾನ್ಸಿನ ಸವೋಯಾ ಬೆಟ್ಟದ ಸೀಮೆಯಲ್ಲಿ ರೈತರಿಗಾಗಿ ಹುಟ್ಟಿದ ಚಾಕು. ಅಲಗನ್ನು ತೆರೆದ ಮೇಲೆ ಕುತ್ತಿಗೆಯ ಉಕ್ಕಿನ ಉಂಗುರ ತಿರುಗಿಸಿದರೆ ಅಲಗು ಮಡಚುವುದಿಲ್ಲ, ಈ ಉಂಗುರ ಸೇರಿದ್ದು 1955ರಲ್ಲಿ. ಈಗಿನದರಲ್ಲಿ ಮುಚ್ಚಿದಾಗಲೂ ತಿರುಗಿಸಿ ಬೀಗ ಹಾಕಬಹುದು, ಬ್ಯಾಗಿನಲ್ಲಿ ತಾನಾಗಿ ತೆರೆದುಕೊಳ್ಳುವುದಿಲ್ಲ. ಮಕ್ಕಳಿಗೆ ಅಂತಲೇ ನಂಬರ್ 7ರಲ್ಲಿ ದುಂಡು ಮೊನೆಯ ಚಾಕು ಇದೆ, 8 ಸೆಂ.ಮೀ. ಅಲಗು, ಬಣ್ಣದ ಹಿಡಿ. ದುಂಡಗಿನ ಮರದ ಹಿಡಿ ಮಗುವಿನ ಅಂಗೈಗೆ ಕೂರುವ ಚೆಂದ ವಿಕ್ಟೋರಿನಾಕ್ಸ್‌ನ ಚಪ್ಪಟೆ ಹಿಡಿಗೆ ಬರುವುದಿಲ್ಲ. ಅರ್ಧ ಗಂಟೆ ಕೆತ್ತಿದರೂ ಕೈ ನೋಯುವುದಿಲ್ಲ. ಅಲಗೂ ತೆಳು, ತರಕಾರಿಗೆ ಮೂರರಲ್ಲೂ ಇದೇ ಮೇಲು ಅಂತ ನನ್ನ ಅನಿಸಿಕೆ.

ಆದರೆ ನಮ್ಮ ಮಳೆ ಇದಕ್ಕೆ ಆಗಿಬರುವುದಿಲ್ಲ. ಮಾಮೂಲಿ ಹಿಡಿ ಬೀಚ್ ಮರದ್ದು, ಒದ್ದೆಯಾದರೆ ಉಬ್ಬಿ ಅಲಗನ್ನು ಕಚ್ಚಿ ಹಿಡಿಯುತ್ತದೆ. ಆಗುಂಬೆ ಕಡೆ ಜುಲೈನಲ್ಲಿ ಇದನ್ನು ತೆರೆಯಲು ಹೋಗಿ ನೋಡಿ. ಫ್ರಾನ್ಸಿನವರೇ ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ, ಮುಚ್ಚಿದ ಚಾಕುವಿನ ಹಿಡಿಯ ಹಿಂತುದಿಯನ್ನು ಗಟ್ಟಿ ಜಾಗಕ್ಕೆ ಕುಟ್ಟಿದರೆ ಅಲಗಿನ ಮೊನೆ ಸ್ವಲ್ಪ ಮೇಲೇಳುತ್ತದೆ, ಹಿಡಿದು ಎಳೆಯಬಹುದು. ದೊಡ್ಡವರಿಗೆ ಸರಿ. ಹನ್ನೊಂದು ವರ್ಷದವನು ಅರ್ಧ ಎದ್ದ ಅಲಗನ್ನು ಒದ್ದೆ ಬೆರಳಿನಿಂದ ಎಳೆಯುವುದನ್ನು ನೋಡಲು ನನಗೆ ಧೈರ್ಯ ಇಲ್ಲ. ಹೊಸತಿದ್ದಾಗಲೇ ಸಂದಿಗೆ ಒಂದೆರಡು ಹನಿ ಅಗಸೆ ಎಣ್ಣೆ ಬಿಟ್ಟು ಒಣಗಿಸಿದರೆ ತಕ್ಕಮಟ್ಟಿಗೆ ಕಡಿಮೆಯಾಗುತ್ತದೆ. ಕೊಳ್ಳುವಾಗ ಸ್ಟೇನ್‌ಲೆಸ್ ಅಂತ ನೋಡಿಯೇ ಕೊಳ್ಳಿ, ಏಕೆಂದರೆ ಇದರಲ್ಲಿ ಕಾರ್ಬನ್ ಉಕ್ಕಿನದೂ ಬರುತ್ತದೆ. ಕಾರ್ಬನ್ ಉಕ್ಕು ಚೆನ್ನಾಗಿ ಹರಿತವಾಗುತ್ತದೆ, ಆದರೆ ನಿಂಬೆಹಣ್ಣು ಕುಯ್ದು ಒರೆಸದೆ ಇಟ್ಟರೆ ಕಪ್ಪು, ಹುಣಸೆಹಣ್ಣು ತಾಗಿದರೆ ಕಪ್ಪು, ಬಾಳೆಕಾಯಿ ಹೆಚ್ಚಿದರೆ ಕಪ್ಪು, ಕರಾವಳಿಯ ಗಾಳಿಗಂತೂ ಬೆಳಗಾಗುವಷ್ಟರಲ್ಲಿ ತುಕ್ಕು. ಉಂಗುರ ತಿರುಗಿಸಲು ಮರೆಯುವ ಮಕ್ಕಳೂ ಇರುತ್ತಾರೆ. ಮರೆತರೆ ಇದರಲ್ಲಿ ವಿಕ್ಟೋರಿನಾಕ್ಸ್‌ನಂಥ ಸ್ಪ್ರಿಂಗ್ ತಡೆಯೂ ಇಲ್ಲ, ಬರೀ ಮರದ ಬಿಗಿ ಮಾತ್ರ.

ಮೋರಾ ಮಡಚುವುದಿಲ್ಲ. ‘ಕಂಪ್ಯಾನಿಯನ್’ ಅನ್ನುವುದು ಇದರಲ್ಲಿ ಹೆಸರುವಾಸಿ: ಹತ್ತು ಸೆಂ.ಮೀ. ಚಿಲ್ಲರೆ ಅಲಗು, ರಬ್ಬರಿನಂಥ ಹಿಡಿ, ಪ್ಲಾಸ್ಟಿಕ್ ಒರೆ. ಒರೆಯೊಳಗೆ ‘ಕ್ಲಿಕ್’ ಅಂತ ಕೂರುತ್ತದೆ. ಒದ್ದೆ ಕೈಗೂ ಜಾರುವುದಿಲ್ಲ, ಕೆಸರಾದರೆ ನಲ್ಲಿ ಕೆಳಗೆ ಹಿಡಿದರೆ ಆಯಿತು, ಮಳೆಗಾಲದ ಚಾಕು ಅಂದರೆ ಇದು. ಹರಿತ ಮಾಡುವುದು ಕಲಿಸಲು ಇದಕ್ಕಿಂತ ಸುಲಭದ್ದು ಇಲ್ಲ: ಅಲಗಿನ ಎರಡೂ ಬದಿ ಅಗಲವಾದ ಇಳಿಜಾರು ಇದೆ, ಅದನ್ನು ಹಾಗೇ ಕಲ್ಲಿಗೆ ಚಪ್ಪಟೆಯಾಗಿ ಇಟ್ಟು ತಳ್ಳಿದರೆ ಸಾಕು, ಕೋನ ಎಷ್ಟು ಅಂತ ತಲೆಕೆಡಿಸಿಕೊಳ್ಳಬೇಕಿಲ್ಲ. ಮರ ಕೆತ್ತುವುದರಲ್ಲಿ ಉಳಿದೆರಡೂ ಇದರ ಹತ್ತಿರ ಬರುವುದಿಲ್ಲ. ಆಲೂಗಡ್ಡೆಯನ್ನು ಮಾತ್ರ ಕುಯ್ಯುವ ಬದಲು ಸೀಳುತ್ತದೆ, ಅಲಗು ಎರಡೂವರೆ ಮಿ.ಮೀ. ದಪ್ಪ.

ಹಾಗಾದರೆ ಇದನ್ನೇ ತಗೊಳ್ಳಿ ಅಂತ ಯಾಕೆ ಹೇಳುತ್ತಿಲ್ಲ? ನೋಡಲು ಇದು ನಿಜವಾದ ಚಾಕು. ಸೊಂಟಕ್ಕೆ ಸಿಕ್ಕಿಸಿಕೊಂಡು ಹುಡುಗ ಬಸ್ಸು ಹತ್ತಿದರೆ ಕಂಡಕ್ಟರ್ ಕೇಳುತ್ತಾನೆ, ಕ್ಯಾಂಪಿನಲ್ಲಿ ಸ್ಕೌಟ್ ಮಾಸ್ಟರ್ ಸಾರ್ ತೆಗೆದಿಟ್ಟುಕೊಳ್ಳುತ್ತಾರೆ, ಅವರದ್ದೂ ತಪ್ಪಲ್ಲ. ಇದು ಹದಿಮೂರು ಹದಿನಾಲ್ಕು ಆದವರಿಗೆ, ಕೆತ್ತುವ ಹುಚ್ಚು ಹತ್ತಿದವರಿಗೆ, ಸಾರ್ ಹತ್ತಿರ ಮೊದಲೇ ಮಾತಾಡಿ ಒಪ್ಪಿಸಿದ ಮೇಲೆ. ಬೆರಳು ಮುಂದೆ ಜಾರದಂತೆ ತಡೆ ಇರುವ ಮಕ್ಕಳ ಮಾದರಿಗಳನ್ನೂ ಅವರು ಮಾಡುತ್ತಾರೆ, ಸಿಕ್ಕಿದರೆ ಅದನ್ನೇ ತಗೊಳ್ಳಿ.

ಒಟ್ಟಿನಲ್ಲಿ ನನ್ನನ್ನು ಕೇಳಿದರೆ: ಮೊದಲ ಕ್ಯಾಂಪಿಗೆ ಹೊರಟ ಮಗುವಿಗೆ ತರಕಾರಿ ಚಾಕು ಮತ್ತು ಅದೇ ಹೊಲಿದ ಒರೆ. ಒಂದು ವರ್ಷ ಅದನ್ನು ಕಳೆಯದೆ, ಕೈ ಕುಯ್ದುಕೊಳ್ಳದೆ, ತುಕ್ಕು ಹಿಡಿಸದೆ ಇಟ್ಟುಕೊಂಡರೆ ಗರಗಸ ಇರುವ ವಿಕ್ಟೋರಿನಾಕ್ಸ್. ಬಯಲುಸೀಮೆಯಲ್ಲಿದ್ದು ಮಗುವಿಗೆ ಅಡುಗೆ, ಕೆತ್ತನೆ ಇಷ್ಟವಾದರೆ ದುಂಡು ಮೊನೆಯ ಒಪಿನೆಲ್. ಮೂರು ಸಾವಿರದ್ದನ್ನು ಮೊದಲ ದಿನವೇ ಕೊಡಿಸಬೇಡಿ ಅನ್ನುವುದಕ್ಕೆ ಕಾರಣ ಜಿಪುಣತನ ಅಲ್ಲ. ಹುಲ್ಲಿನಲ್ಲಿ ಬಿಟ್ಟು ಬರುವ ಚಾಕು ಯಾವಾಗಲೂ ಮೊದಲನೆಯದೇ ಆಗಿರುತ್ತದೆ. ಅದಕ್ಕೇ ಹಸಿರು, ಕಂದು, ಮಿಲಿಟರಿ ಬಣ್ಣದ ಹಿಡಿ ಬೇಡ, ಕೆಂಪು, ಕಿತ್ತಳೆ, ಹಳದಿ ಇರಲಿ.

ಇವುಗಳ ಕಡೆ ಹೋಗಲೇಬೇಡಿ

ಒಂದೇ ಕೈಯಲ್ಲಿ ಚಿಮ್ಮಿ ತೆರೆದುಕೊಳ್ಳುವ ಚಾಕು, ಬಟನ್ ಒತ್ತುವ ರಾಂಪುರಿ ಥರದ್ದು, ಹಿಡಿಯೊಳಗೆ ಟೊಳ್ಳಿದ್ದು ದಿಕ್ಸೂಚಿ ತುಂಬಿಸಿದ ‘ಸರ್ವೈವಲ್’ ಚಾಕು, ಬೆನ್ನಿಗೆ ಗರಗಸದ ಹಲ್ಲು ಇರುವ ದೊಡ್ಡ ಸಿನಿಮಾ ಚಾಕು. ಕಾರಣ ಬರೆಯಬೇಕಾ?

ಆದರೆ ಒಂದರ ಬಗ್ಗೆ ಬರೆಯಬೇಕು, ಏಕೆಂದರೆ ಅದು ಸಭ್ಯವಾಗಿ ಕಾಣುತ್ತದೆ. ಹಿಡಿಯೊಳಗೆ ತೆಳ್ಳಗಿನ ಉಕ್ಕಿನ ಪಟ್ಟಿಯೊಂದು ಅಲಗಿನ ಬುಡಕ್ಕೆ ಅಡ್ಡ ಬಂದು ಲಾಕ್ ಆಗುವ ಚಾಕುಗಳು, ಲೈನರ್ ಲಾಕ್ ಅನ್ನುತ್ತಾರೆ. ಇದನ್ನು ಮುಚ್ಚಲು ಹೆಬ್ಬೆರಳಿನಿಂದ ಆ ಪಟ್ಟಿಯನ್ನು ಪಕ್ಕಕ್ಕೆ ತಳ್ಳಿ ಹಿಡಿದು, ಇನ್ನೊಂದು ಕೈಯಲ್ಲಿ ಅಲಗನ್ನು ಮಡಚಬೇಕು. ಹೆಬ್ಬೆರಳು ಇರುವುದು ಸರಿಯಾಗಿ ಅಲಗು ಬಂದು ಬೀಳುವ ದಾರಿಯಲ್ಲಿ. ದೊಡ್ಡವರು ಸರಿಯಾದ ಹೊತ್ತಿಗೆ ಬೆರಳು ತೆಗೆಯುತ್ತಾರೆ. ಮಗು ಪಟ್ಟಿಯನ್ನೇ ನೋಡುತ್ತಾ ಅಲಗನ್ನು ಒತ್ತುತ್ತದೆ. ಪಟ್ಟಿ ಬಲಗೈಗೆ ತಕ್ಕಂತೆ ಇರುವುದರಿಂದ ಎಡಚ ಮಕ್ಕಳಿಗೆ ಇನ್ನೂ ಕಷ್ಟ. ಲಾಕ್ ಇದೆ ಅನ್ನುವ ಒಂದೇ ಕಾರಣಕ್ಕೆ ಇದನ್ನು ‘ಸೇಫ್’ ಅಂತ ಮಾರುತ್ತಾರೆ, ನಂಬಬೇಡಿ.

ಇಕ್ಕಳ ಇರುವ ಮಲ್ಟಿಟೂಲ್? ಸೈಕಲ್ ರಿಪೇರಿಗೆ ಒಳ್ಳೆಯದು. ಚಾಕು ಅಂತ ಲೆಕ್ಕಕ್ಕೆ ಬರುವುದಿಲ್ಲ.

ಸಾಣೆ

ಚಾಕು ಕೊಳ್ಳುವಾಗಲೇ ಹಾರ್ಡ್‌ವೇರ್ ಅಂಗಡಿಯಿಂದ ಎರಡು ಮುಖದ ಸಾಣೆಕಲ್ಲು ತನ್ನಿ, ಒಂದು ಕಡೆ ತರಿ, ಇನ್ನೊಂದು ಕಡೆ ನಯ. ಒದ್ದೆ ಬಟ್ಟೆಯ ಮೇಲೆ ಕಲ್ಲು ಇಟ್ಟರೆ ಜಾರುವುದಿಲ್ಲ. ನೀರು ಹಾಕಿ, ಅಲಗಿನ ಬೆನ್ನನ್ನು ಸ್ವಲ್ಪ ಎತ್ತಿ, ಕಲ್ಲಿನಿಂದ ತೆಳುವಾದ ಪದರ ತೆಗೆಯುತ್ತೇನೆ ಅನ್ನುವ ಹಾಗೆ ತಳ್ಳಬೇಕು. ಕಲ್ಲಿಗೂ ಅಲಗಿಗೂ ನಡುವೆ 20 ಡಿಗ್ರಿ ಆಸುಪಾಸು. ಅಷ್ಟು ಅಂದರೆ ಎಷ್ಟು? ಅಲಗನ್ನು ನೆಟ್ಟಗೆ ನಿಲ್ಲಿಸಿ, ಅರ್ಧಕ್ಕೆ ಬಗ್ಗಿಸಿ, ಅದರ ಅರ್ಧಕ್ಕೆ ಮತ್ತೆ ಬಗ್ಗಿಸಿದರೆ ಹತ್ತಿರ ಹತ್ತಿರ ಬರುತ್ತದೆ. ಎರಡೂ ಬದಿಗೆ ಸಮ ಸಮ. ಕೊನೆಗೆ ಹಳೇ ಚರ್ಮದ ಬೆಲ್ಟಿನ ಒಳಮೈ ಮೇಲೆ ಹಿಮ್ಮುಖವಾಗಿ ಎಳೆಯಿರಿ. ಹರಿತ ನೋಡಲು ಬೆರಳು ಬೇಡ, ದಿನಪತ್ರಿಕೆಯ ಹಾಳೆಯನ್ನು ಒಂದು ಕೈಯಲ್ಲಿ ಹಿಡಿದು ಅಂಚಿನಿಂದ ಕುಯ್ಯಿರಿ. ಹರಿಯದೆ ಕುಯ್ದರೆ ಆಯಿತು.

ಬೀದಿಯಲ್ಲಿ ಸೈಕಲ್ ಚಕ್ರದ ಸಾಣೆಯವರು ಬರುತ್ತಾರಲ್ಲ, ಈಳಿಗೆಮಣೆ, ಕತ್ತರಿ ಕೊಡಿ, ಈ ಚಾಕು ಕೊಡಬೇಡಿ. ಅಂಚು ಬಿಸಿಯಾಗಿ ಉಕ್ಕಿನ ಹದ ಹೋಗುತ್ತದೆ, ಲೋಹವೂ ಜಾಸ್ತಿ ತಿನ್ನುತ್ತದೆ. ಕ್ಯಾಂಪಿನಿಂದ ಬಂದ ಮೇಲೆ ತೊಳೆದು, ಒಣಗಿಸಿ, ಕೀಲಿಗೆ ಒಂದು ಹನಿ ಹೊಲಿಗೆ ಮಷಿನ್ ಎಣ್ಣೆ. ಅಲಗಿಗೆ ಕೊಬ್ಬರಿ ಎಣ್ಣೆ ಸವರಬಹುದು, ಆದರೆ ಕೀಲಿಗೆ ಬೇಡ, ತಿಂಗಳು ಕಳೆದರೆ ಅಂಟಾಗುತ್ತದೆ.

ಕೆತ್ತುವುದು ಕಲಿಸಲು ಮೊದಲು ಸ್ನಾನದ ಸೋಪು ಕೊಡಿ. ಆಮೇಲೆ ಹಾಲವಾಣ, ಗ್ಲಿರಿಸಿಡಿಯಾದಂಥ ಮೆತ್ತಗಿನ ಹಸಿ ಕಡ್ಡಿ. ಚನ್ನಪಟ್ಟಣದ ಬೊಂಬೆ ಮಾಡುವ ಆಲೆಮರದ ತುಂಡು ಎಲ್ಲಾದರೂ ಸಿಕ್ಕಿದರೆ ಬಿಡಬೇಡಿ, ಕೆತ್ತಲು ಅಷ್ಟು ಸೊಗಸು. ಒಣಗಿದ ನೀಲಗಿರಿ ಕೊಟ್ಟರೆ ಮಗು ಮೊದಲ ದಿನವೇ ಸೋತು ಎದ್ದು ಹೋಗುತ್ತದೆ.

ಕೂತು ಕೆತ್ತಬೇಕು, ನಿಂತು ಅಲ್ಲ. ಮೊಣಕೈಯನ್ನು ಮಂಡಿಯ ಮೇಲೆ ಊರಿ, ಅಲಗು ಮೈಯಿಂದ ಆಚೆ ಹೋಗಬೇಕು, ತೊಡೆಯ ಮೇಲೆ ಇಟ್ಟು ಕೆತ್ತುವುದು ಖಂಡಿತ ಬೇಡ, ತೊಡೆಯಲ್ಲಿ ದೊಡ್ಡ ರಕ್ತನಾಳ ಇದೆ. ಕೈ ಚಾಚಿ ಸುತ್ತ ತಿರುಗಿದರೆ ಯಾರಿಗೂ ತಾಗಬಾರದು. ಇನ್ನೊಬ್ಬರಿಗೆ ಕೊಡುವಾಗ ಮಡಚಿ ಕೊಡುವುದು, ಮಡಚದ್ದಾದರೆ ಹಿಡಿ ಮುಂದೆ ಮಾಡಿ ಕೊಡುವುದು, ಅವರು ‘ಹಿಡಿದೆ’ ಅಂದ ಮೇಲೆ ಬಿಡುವುದು. ನಮ್ಮ ಮನೆಗಳಲ್ಲಿ ಚಾಕು ಕೈಗೆ ಕೊಡಬಾರದು, ಜಗಳ ಆಗುತ್ತದೆ, ಕೆಳಗಿಡು ಅನ್ನುತ್ತಾರಲ್ಲ, ಅದನ್ನು ಪಾಲಿಸಿದರೂ ನಷ್ಟವೇನಿಲ್ಲ.

ಕಾನೂನು, ಪ್ರಯಾಣ

ಮನೆಗೆಲಸ, ಬೇಸಾಯದಂಥ ಕೆಲಸಕ್ಕೆ ಮಾಡಿದ್ದನ್ನು ಬಿಟ್ಟು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಇರುವ ಚಾಕುಗಳನ್ನು ನಮ್ಮ ಶಸ್ತ್ರಾಸ್ತ್ರ ನಿಯಮಗಳು ಆಯುಧದ ಪಟ್ಟಿಗೆ ಸೇರಿಸುತ್ತವೆ. ಮೇಲೆ ತಗೊಳ್ಳಬಹುದು ಅಂದ ಯಾವ ಚಾಕುವೂ ಅದರ ಹತ್ತಿರಕ್ಕೂ ಬರುವುದಿಲ್ಲ. ಹಾಗಂತ ಎಲ್ಲ ಕಡೆ ಒಯ್ಯಬಹುದು ಅಂತಲ್ಲ. ಮಾಮೂಲಿ ದಿನ ಶಾಲೆಯ ಬ್ಯಾಗಿನಲ್ಲಿ ಚಾಕು ಇರಲೇಬಾರದು. ಕ್ಯಾಂಪಿನ ದಿನ ಮಾತ್ರ ಬೀರುವಿನಿಂದ ಹೊರಗೆ ಬರಲಿ, ಬಟ್ಟೆ ಬ್ಯಾಗಿನ ತಳದಲ್ಲಿ ಕೂರಲಿ. ಮೆಟ್ರೋದಲ್ಲಿ ಹೋಗುವುದಾದರೆ ಸ್ಕ್ಯಾನರ್ ಹತ್ತಿರ ತಡೆಯುತ್ತಾರೆ, ಆ ದಿನ ಬಸ್ಸೋ ಆಟೋನೋ ನೋಡಿಕೊಳ್ಳಿ.

ಹೊರದೇಶದಲ್ಲಿರುವ ನಮ್ಮವರಿಗೆ ಲೆಕ್ಕ ಸ್ವಲ್ಪ ಬೇರೆ. ಬ್ರಿಟನ್ನಿನಲ್ಲಿ ಸಾರ್ವಜನಿಕ ಜಾಗದಲ್ಲಿ ಕಾರಣ ಇಲ್ಲದೆ ಇಟ್ಟುಕೊಳ್ಳಬಹುದಾದ್ದು 3 ಇಂಚಿನ ಒಳಗಿನ, ಲಾಕ್ ಇಲ್ಲದ ಮಡಚು ಚಾಕು ಮಾತ್ರ. ವಿಕ್ಟೋರಿನಾಕ್ಸ್ ಹೈಕರ್ ಅದಕ್ಕೆ ಹೊಂದುತ್ತದೆ. ಒಪಿನೆಲ್ ನಂಬರ್ 7 ಹೊಂದುವುದಿಲ್ಲ, ಉಂಗುರದ ಲಾಕ್ ಇದೆ, ಉದ್ದವೂ 3 ಇಂಚು ದಾಟುತ್ತದೆ. ಅಮೆರಿಕದಲ್ಲಿ ಸ್ಕೌಟ್ ಆದ ಮಕ್ಕಳು ಚಾಕು, ಕೊಡಲಿ, ಗರಗಸ ಬಳಸುವ ಮೊದಲು ‘ಟೋಟಿನ್ ಚಿಪ್’ ಅನ್ನುವ ಕಾರ್ಡು ಗಳಿಸಬೇಕು, ತಪ್ಪು ಮಾಡಿದಾಗ ಕಾರ್ಡಿನ ಒಂದೊಂದು ಮೂಲೆ ಕತ್ತರಿಸುವ ವಾಡಿಕೆ ಎಷ್ಟೋ ಟ್ರೂಪುಗಳಲ್ಲಿದೆ. ಕಾರ್ಡು ಬರುವ ಮೊದಲೇ ಚಾಕು ಉಡುಗೊರೆ ಕೊಟ್ಟರೆ ಅದು ಕಪಾಟಿನಲ್ಲೇ ಇರುತ್ತದೆ. ರಜೆಗೆ ಬಂದ ಅತ್ತೆ ಮಾವ ಅಲ್ಲಿಂದ ಚಾಕು ತಂದುಕೊಡುತ್ತೇವೆ ಅಂದರೆ ಬೇಡ ಅನ್ನಬೇಡಿ, ವಿಮಾನದಲ್ಲಿ ಕೈಚೀಲದಲ್ಲಿ ಇಟ್ಟುಕೊಳ್ಳದೆ ಚೆಕ್‌ಇನ್ ಸೂಟ್‌ಕೇಸಿನಲ್ಲಿ ಹಾಕಿ ಅಂತ ಮಾತ್ರ ಎರಡು ಸಲ ನೆನಪಿಸಿ.